ನಂದೂರ ಮಿಲ್ಲಿನ ಕಪ್ಪು ಪರದೆ

2003ರ ಅಕ್ಟೋಬರ್ 6, ಸೋಮವಾರ. ದಸರೆಯ ಮರುದಿನ ಬೆಳಿಗ್ಗೆ ಹತ್ತೂವರೆಗೆ ನಂದೂರಿನ ತೊಗರಿಬೇಳೆ ಮಿಲ್ಲಿನ ಮ್ಯಾನೇಜರ್ ದೌಲಪ್ಪ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಲಾರಿಗಳ ತೂಕವನ್ನೆಲ್ಲ ಇಟ್ಟುಕೊಳ್ಳುವ ದೊಡ್ಡ ಕಂಪ್ಯೂಟರ್, ಅಂದರೆ ಸರ್ವರ್, ಸತ್ತುಹೋಗಿದೆ. ಯಾರೋ ಬೇಕೆಂದೇ ಕೆಡಿಸಿದ್ದಾರೆ. ಕಸ ಗುಡಿಸುವ ದುಂಡಮ್ಮನ ಮೇಲೆ ಅನುಮಾನವಿದೆ.

ಇನ್ಸ್‌ಪೆಕ್ಟರ್ ಜಗದೇವಪ್ಪ ದೂರನ್ನು ಎರಡು ಸಲ ಓದಿದ. ಎತ್ತು ಕಳೆದರೆ ಹೆಜ್ಜೆ ಹುಡುಕಬಹುದು, ಇದಕ್ಕೇನು ಹುಡುಕುವುದು ಎಂಬ ಚಿಂತೆ ಅವನ ಮುಖದ ಮೇಲೆಯೇ ಇತ್ತು.

"ಒಡದಾರೇನು? ಸುಟ್ಟಾರೇನು?"

"ಇಲ್ರೀ ಸಾಹೇಬ್ರ. ಗುಂಡಿ ಒತ್ತಿದ್ರ ಫ್ಯಾನ್ ತಿರಗತದ, ದೀಪಾ ಹತ್ತತದ. ಪರದಾ ಮ್ಯಾಲ ಒಂದು ಅಕ್ಷರ ಮೂಡವಲ್ದು. ಮೊದಲ ಚಾಲೂ ಮಾಡಿದ್ರ ಸಾಲಿಗೆ ಸಾಲು ಬರತಿತ್ತು."

"ಕಡೀಕ ಯಾರು ಮುಟ್ಟಿದ್ರು?"

"ಶನಿವಾರ ಖಂಡೇಪೂಜಿಗಿ ದುಂಡಮ್ಮ ಮುಟ್ಟ್ಯಾಳ್ರಿ. ಇವತ್ತು ಹಿಂಗಾಗಿದ್ದು ನೋಡಿ ಖೋಲಿಗಿ ಕೀಲಿ ಹಾಕೀನಿ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಜಗದೇವಪ್ಪ ಕಾನ್‌ಸ್ಟೆಬಲ್ ಮಕ್ಸೂದ್‌ನ ಜೊತೆ ಮಿಲ್ಲಿಗೆ ಹೋಗಿ, ಇಬ್ಬರು ಪಂಚರನ್ನು ಕರೆದು ಪಂಚನಾಮೆ ಮಾಡಿದ. ಕಪ್ಪು ಪರದೆ, ಪೆಟ್ಟಿಗೆಯ ಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂ. ಬಾಗಿಲ ಬಳಿ, ಸುದ್ದಿ ಕೇಳಿ ಬಂದಿದ್ದ ಆಪರೇಟರ್ ಚಂದ್ರಶಾ ನಿಂತಿದ್ದ. ಕಮಲಾಪುರದವನು. ಸರ್ವರ್ ನಿಂತರೆ ಎಬ್ಬಿಸಲೆಂದು ರಾತ್ರಿ ಪಾಳಿಯಲ್ಲಿ ಅದರ ಕಾವಲಿಗಿದ್ದವನು.

ದುಂಡಮ್ಮನನ್ನು ಕರೆಸಿದರು. ಅವಳಿಗೆ ಅರವತ್ತರ ಆಸುಪಾಸು.

"ಏನು ಮಾಡಿದಿ ಯಮ್ಮಾ, ಖರೇ ಹೇಳು."

"ಹಬ್ಬದ ದಿನ ಮಷೀನ್ ದಣಿವಾರಿಸ್ಕೋಬೇಕಲ್ರೀ ಯಪ್ಪಾ. ಮಿಲ್ಲಿನವೆಲ್ಲಾ ಬಂದ್ ಮಾಡಿ ತೊಳದ್ವಿ. ಇದರ ವಾಯರ್ ಎಲ್ಲಾ ಕಿತ್ತಿ ಒದ್ದಿ ಅರಿಬಿಲೇ ಒರಸೀನಿ. ಮರುದಿನ ನನಗ ತಿಳದಷ್ಟು ಹಚ್ಚೀನಿ. ನೀರು ಒಳಗ ಹೋಗ್ಯಾದ ಕಾಣತದ. ನಾನೇ ಕೊಂದೀನ್ರಿ."

ಅವಳು ಅತ್ತಳು. ದೌಲಪ್ಪ ಅಲ್ಲಿಯೇ ಅವಳನ್ನು ಕೆಲಸದಿಂದ ತೆಗೆದ. ಚಂದ್ರಶಾ ನೆಲ ನೋಡುತ್ತ ನಿಂತ. ಜಗದೇವಪ್ಪ ಅವಳನ್ನು ಠಾಣೆಗೆ ಕರೆತಂದು ಸಂಜೆಯವರೆಗೂ ಬೆಂಚಿನ ಮೇಲೆ ಕೂರಿಸಿದ. ತಪ್ಪೊಪ್ಪಿಕೊಂಡವಳನ್ನು ಇನ್ನೇನು ಮಾಡುವುದು? ಆದರೂ ಅಷ್ಟು ಹೊತ್ತು ಕೂರಿಸಬಾರದಿತ್ತು. ಅಷ್ಟರೊಳಗೆ ನಂದೂರಿನ ತುಂಬ ಸುದ್ದಿ ಹಬ್ಬಿ, ಉಂಡ ಮನೆಗೆ ಎರಡು ಬಗೆದವಳೆಂದು ಜನ ಮಾತಾಡಿಕೊಂಡರು.

ಮಂಗಳವಾರ ಎಂಜಿನಿಯರಿಂಗ್ ಕಾಲೇಜಿನಿಂದ ಕಂಪ್ಯೂಟರ್ ಉಪನ್ಯಾಸಕಿ ಜುಬೇದಾಳನ್ನು ಕರೆಸಿದರು. ಅವಳು ಸರ್ವರ್ ಚಾಲೂ ಮಾಡಿ, ಪರದೆ ಬಿಟ್ಟು ಪೆಟ್ಟಿಗೆಯ ಸಣ್ಣ ದೀಪವನ್ನೇ ನೋಡಿದಳು. ಅದು ಮಿಣುಕಿ ಮಿಣುಕಿ ನಿಂತಿತು.

"ಇದು ಸತ್ತಿಲ್ರೀ ಸರ್. ಎದ್ದದ, ನಡುವ ಎಲ್ಲೋ ನಿಂತದ."

"ಮತ್ತ ಪರದಾಕ್ಕ ಯಾಕ ಬರವಲ್ದು?"

ಜುಬೇದಾ ಪೆಟ್ಟಿಗೆಯ ಹಿಂಬದಿಗೆ ಬಗ್ಗಿದಳು. ಹಿಂದಿನ ಒಂದು ಕಿಂಡಿಗೆ, ಫೋನ್ ತಂತಿಯಲ್ಲಿ ಕಂಪ್ಯೂಟರಿನ ಮಾತು ಸಾಗಿಸುವ ಮೋಡೆಮ್ ಜೋಡಿಸಿತ್ತು. ಅದರ ಕರೆಂಟಿನ ಪ್ಲಗ್ಗು ಮಾತ್ರ ಕೆಳಗೆ ಬಿದ್ದಿತ್ತು. ಮೋಡೆಮ್ ಬಿಡಿಸಿ ಆ ಕಿಂಡಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿ, ಸರ್ವರ್ ಅನ್ನು ಮತ್ತೆ ಎಬ್ಬಿಸಿದಳು. ಸಾಲಿಗೆ ಸಾಲು ಓಡಿ ಬಂದವು. ಕೊನೆಯದು ಒಂದು ಪ್ರಶ್ನೆ: ದಿಢೀರನೆ ಕರೆಂಟ್ ತೆಗೆದಿದ್ದರಿಂದ ಡಿಸ್ಕ್ ಸರಿಪಡಿಸಬೇಕು, ಹೌದೋ ಅಲ್ಲವೋ? ಶನಿವಾರ ಕಿತ್ತದ್ದಕ್ಕೆ ಅದು ಉತ್ತರ ಕೇಳಿಕೊಂಡು ನಿಂತಿತ್ತು, ಆದರೆ ಯಾರೂ ಇಲ್ಲದ ಹಿತ್ತಲ ಬಾಗಿಲಲ್ಲಿ. ಜುಬೇದಾ ಹೌದೆಂದು ಒತ್ತಿದಳು. ಸ್ವಲ್ಪ ಹೊತ್ತಿಗೆ ತೂಕದ ಕೋಣೆಯಿಂದ ಕೂಗು ಬಂತು, ಯಂತ್ರ ನಡೆಯುತ್ತಿದೆ ಎಂದು.

"ನೀರಿನಿಂದ ಏನೂ ಕೆಟ್ಟಿಲ್ಲೇನು?"

"ಏನೂ ಇಲ್ಲ. ಮಷೀನಿನ ಮಾತು ಪರದಾಕ್ಕ ಬರದ ಈ ಕಡೆ ಹೋಗ್ಲಿ ಅಂತ ಯಾರೋ ಆಗಸ್ಟ್‌ನಾಗೇ ಬದಲಿ ಮಾಡ್ಯಾರ, ತಾರೀಖು ಇದರಾಗೇ ಅದ. ಚಾಲೂ ಇದ್ದಷ್ಟು ದಿನ ಗೊತ್ತಾಗಿಲ್ಲ. ಬಂದ್ ಮಾಡಿ ಎಬ್ಬಿಸಿದಾಗ ಗೊತ್ತಾಗ್ಯಾದ. ದೂರದ ಊರಿನಿಂದ ಫೋನ್ ಹಚ್ಚಿ ಈ ಮಷೀನ್ ನೋಡ್ಕೊಳ್ಳೋರ ಕೆಲಸ ಇದು."

ಪಾಸ್‌ವರ್ಡ್ ಇದ್ದದ್ದು ದೌಲಪ್ಪ, ಚಂದ್ರಶಾ ಇಬ್ಬರ ಬಳಿ ಮಾತ್ರ. ದೌಲಪ್ಪನಿಗೆ ತನ್ನ ಹೆಸರು ಟೈಪ್ ಮಾಡಲೂ ಬರುತ್ತಿರಲಿಲ್ಲ. ಕಪಾಟು ತೆಗೆಸಿದರೆ ಅದರಲ್ಲಿಟ್ಟಿದ್ದ ಮಿಲ್ಲಿನ ಹಳೆಯ ಮೋಡೆಮ್ ಎರಡೂ ಇರಲಿಲ್ಲ. ಒಂದು ಇಲ್ಲಿದೆ, ಇನ್ನೊಂದು ಎಲ್ಲಿ? ಚಂದ್ರಶಾ ಹಿಂದಿನ ರಾತ್ರಿ ಪಾಳಿಗೂ ಬಂದಿರಲಿಲ್ಲ. ಪ್ರಕರಣಕ್ಕೆ ಕಳವಿನ ಕಲಂ ಸೇರಿತು.

ಕೆಂಪು ಬಾಳೆಗೊನೆಗಳು ತೂಗುವ ಕಮಲಾಪುರದ ಬಸ್ ಸ್ಟ್ಯಾಂಡ್ ದಾಟಿ ಜೀಪು ಒಂದು ಓಣಿಯ ಬಾಯಲ್ಲಿ ನಿಂತಾಗ ಸಂಜೆ ನಾಲ್ಕು. ಮನೆಯ ಒಳಕೋಣೆಯ ಮಂಚದಲ್ಲಿ ಚಂದ್ರಶಾನ ಹೆಂಡತಿ ಪುತಳಾಬಾಯಿ ಮಲಗಿದ್ದಳು. ತಲೆದೆಸೆಗೆ ಫೋನು, ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಎರಡನೆಯ ಮೋಡೆಮ್. ಚಂದ್ರಶಾ ಅವಳಿಗೆ ಗಂಜಿ ಕುಡಿಸುತ್ತಿದ್ದ. ಪೊಲೀಸರನ್ನು ಕಂಡು ಲೋಟ ಕೆಳಗಿಟ್ಟ.

"ಇದು ಮಿಲ್ಲಿಂದ?"

"ಹೌದ್ರೀ."

"ಯಾಕ ತಂದಿ?"

"ಬ್ಯಾಸಗ್ಯಾಗ ಬಿದ್ದು ಇಕೀ ನಡ ಮುರದದ್ರಿ. ರಾತ್ರಿ ಮಗ್ಗಲ ಹೊರಳಸಾಕ ಯಾರಿಲ್ಲ. ಹಗಲು ಪಾಳಿ ಕೊಡ್ರೀ ಅಂತ ಕಾಲು ಬಿದ್ದೆ, ಮ್ಯಾನೇಜರ್ ಸಾಹೇಬ್ರು ಒಪ್ಪಲಿಲ್ಲ. ಹಾಜರಿ ಹಾಕಿ ಕಡೀ ಬಸ್ಸಿಗಿ ಬರತಿದ್ದೆ. ಇಲ್ಲೇ ಕುಂತು ಮಷೀನ್ ಕಾಯ್ದೀನ್ರಿ. ಒಂದು ದಿನಾನೂ ನಿಂದ್ರಗೊಟ್ಟಿಲ್ಲ."

"ದುಂಡಮ್ಮ ನಿನ್ನ ಎದರೀಗೇ ಅತ್ಲಲ್ಲೋ. ಯಾಕ ಸುಮ್ಮನ ನಿಂತಿ?"

ಚಂದ್ರಶಾ ಹೆಂಡತಿಯ ಕಡೆ ನೋಡಿದ. "ನೌಕ್ರಿ ಹೋದ್ರ ಇಕೀ ಔಷಧಕ್ಕ ಏನು ಮಾಡ್ಲಿ ಅಂತ ಬಾಯಿ ಕಟ್ತುರೀ. ಕೀಲಿ ತೆಗದ್ರ ನಾನೇ ಸರಿ ಮಾಡತಿದ್ದೆ."

ಪಂಚನಾಮೆ ಮುಗಿಸಿ, ಮೋಡೆಮ್ ಜಪ್ತಿ ಮಾಡಿ, ಆರು ಗಂಟೆಗೆ ಅವನನ್ನು ದಸ್ತಗಿರಿ ಮಾಡಲಾಯಿತು. ಪಕ್ಕದ ಮನೆಯವಳು ರಾತ್ರಿ ಊಟದ ಹೊತ್ತಿನವರೆಗೆ ಮಾತ್ರ ಪುತಳಾಬಾಯಿಯ ಬಳಿ ಇರಲು ಒಪ್ಪಿದಳು. ಹಗಲು ಪಾಳಿ ಕೊಟ್ಟಿದ್ದರೆ ಇದ್ಯಾವುದೂ ಬೇಕಿರಲಿಲ್ಲವಲ್ಲ ಎಂದು ಜಗದೇವಪ್ಪ ಜೀಪಿನಲ್ಲಿ ಒಮ್ಮೆ ಗಟ್ಟಿಯಾಗಿಯೇ ಅಂದ.

ಠಾಣೆಗೆ ದೌಲಪ್ಪನನ್ನೂ ದುಂಡಮ್ಮನನ್ನೂ ಕರೆಸಿ ಎಲ್ಲ ಹೇಳಿದರು. ಅವಳ ಒದ್ದೆ ಬಟ್ಟೆಯ ನೀರಿನಿಂದ ಏನೂ ಕೆಟ್ಟಿಲ್ಲ, ತಪ್ಪು ಅವಳದಲ್ಲ. ದೌಲಪ್ಪ ನಾಳೆಯಿಂದ ಕೆಲಸಕ್ಕೆ ಬಾ ಎಂದ.

"ಬರತೀನ್ರಿ. ಆ ಖೋಲಿಗಿ ಮಾತ್ರ ಕಾಲಿಡಂಗಿಲ್ಲ," ಎಂದಳು. ಆಮೇಲೆ ಲಾಕಪ್ಪಿನ ಸರಳುಗಳ ಬಳಿ ಹೋಗಿ ನಿಂತಳು. ಬೈಯುತ್ತಾಳೆಂದು ಎಲ್ಲರೂ ಕಾದರು.

"ನನಗೊಂದು ಮಾತು ಹೇಳಿದ್ರ ನಾನೇ ಬಂದು ಆಕೀ ಮಗ್ಗಲಾಗ ಮಲಗತಿದ್ನೆಲ್ಲೋ ತಮ್ಮಾ. ನನಗ ಮನಿಯಾಗ ಯಾರದಾರ ಕಾಯಾಕ? ಈಗ ಆಕೀ ಬಲ್ಲಿ ಯಾರದಾರ?"

ಚಂದ್ರಶಾ ಎದ್ದು ಸರಳುಗಳ ಬಳಿ ಬಂದ.

"ಕಮಲಾಪುರಕ್ಕ ಇನ್ನೂ ಬಸ್ಸದಾವ. ಯಾವ ಓಣಿ ಹೇಳು."

ಹೇಳಲು ಅವನು ಎರಡು ಸಲ ಬಾಯಿ ತೆರೆದ. ಕೊನೆಗೆ ಓಣಿಯ ಹೆಸರನ್ನು ಮಕ್ಸೂದ್ ಹೇಳಿದ.