ಎಂಟುಕಾಲಮ್ಮನ ಕಾವಲು

“ಇನ್ನೊಂದು ಹೆಜ್ಜೆ ಮುಂದಿಟ್ರೆ ನಾನು ಸುಮ್ನಿರಲ್ಲ!”

ಹಿತ್ತಲ ಪೇರಲೆ ಗಿಡಕ್ಕೆ ಅಡ್ಡವಾಗಿ ಕೈಚಾಚಿ ನಿಂತಿದ್ದಳು ಟೀಚರ್. ಎದುರಿಗೆ ಬೆನ್ನಿಗೆ ಕ್ಯಾನು ಹೊತ್ತ ಔಷಧಿ ಹೊಡೆಯುವವನು. ಹುಳಹುಪ್ಪಟೆ ಕಂಡರೆ ಮೈ ಉರಿಯುವ ಅತ್ತಿಗೆಯೇ ಅವನನ್ನು ಕರೆಸಿದ್ದಳು.

“ಅಲ್ಲೇನಿದೆ?”

“ಎಂಟುಕಾಲಮ್ಮ. ನನ್ನ ಜೇಡ. ಹತ್ತೊಂಬತ್ತು ದಿನದಿಂದ ನೋಡಿ ನೋಡಿ ಬರ್ಕೊಳ್ತಿದ್ದೀನಿ.”

ಅವನು ನಗಲಿಲ್ಲ. ಬಗ್ಗಿ ಬಲೆಯನ್ನು ನೋಡಿದ. “ಈ ಮೂಲೆ ಮುಟ್ಟಲ್ಲ. ಮಾತು ಕೊಟ್ಟೆ.”

‘ಇರುವೆ ಮತ್ತೆ ಬಂದಿದೆಯಾ ನೋಡ್ಬೇಕು’ ಎಂಬ ನೆಪದಲ್ಲಿ ಅವನು ಪ್ರತಿ ಶನಿವಾರ ಬರುತ್ತಿದ್ದ. ಕೆಲಸ ಹತ್ತು ನಿಮಿಷದ್ದು, ಮಾತು ಒಂದು ಗಂಟೆಯದ್ದು! ಟೀಚರ್ ಶನಿವಾರಕ್ಕೆ ಕಾಯತೊಡಗಿದಳು. ಯಾಕೆಂದು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ನಾಲ್ಕನೇ ಶನಿವಾರ ಶಾಲೆಯಿಂದ ಬಂದಾಗ ಅತ್ತಿಗೆ ಬಾಗಿಲಲ್ಲೇ ಬೀಗಿದಳು. “ಇವತ್ತು ನಾನೇ ನಿಂತು ಮೂಲೆಮೂಲೆಗೂ ಹೊಡೆಸ್ದೆ ಕಣೆ!”

ಟೀಚರ್ ಬ್ಯಾಗ್ ಎಸೆದು ಹಿತ್ತಲಿಗೆ ಓಡಿದಳು. ಎಂಟುಕಾಲಮ್ಮ ಕಾಲು ಮುದುಡಿಕೊಂಡು ನೇತಾಡುತ್ತಿದ್ದಳು. ಜೀವವೇ ಇಲ್ಲ...

ಅವನು ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ.

“ಮಾತು ಕೊಟ್ಟಿದ್ರಲ್ಲ!” ಅವಳು ಅವನೆದುರು ಬಂದು ನಿಂತಳು. “ನಂಬಿದ್ದೆ ನಿಮ್ಮನ್ನ. ಜೇಡದ ವಿಷಯದಲ್ಲಿ ಮಾತ್ರ ಅಲ್ಲ... ಹೋಗಿ. ಇನ್ನು ಈ ಮನೆಗೆ ಬರಬೇಡಿ!”

ಅವನ ಮುಖ ಕಪ್ಪಿಟ್ಟಿತು. ಕ್ಯಾನು ಎತ್ತಿಕೊಂಡು ಗೇಟಿನವರೆಗೆ ಹೋದ. ಚಿಲಕದ ಮೇಲೆ ಕೈಯಿಟ್ಟ.

ಹೋಗಿಯೇಬಿಡ್ತಾನಾ? ಹೋಗಿ ಎಂದವಳು ತಾನೇ... ಆದರೂ ಗೇಟಿನ ಕಡೆಯೇ ನೋಡುತ್ತಾ ನಿಂತಿದ್ದಳು.

ಅವನು ತಿರುಗಿ ಬಲೆಯ ಬಳಿಗೆ ಬಂದ. “ಒಂದ್ಸಲ ಮುಟ್ಟಿ ನೋಡಿ, ಟೀಚರ್.”

ಮುಟ್ಟಿದಳು. ಒಳಗೇನೂ ಇರಲಿಲ್ಲ. ಬರೀ ಟೊಳ್ಳು!

“ಪೊರೆ ಬಿಟ್ಟಿದ್ದಾಳೆ. ಒಂದು ಸುತ್ತು ಬೆಳೆದಿದ್ದಾಳೆ, ಅಷ್ಟೇ.”

“ಹಾವು ಮಾತ್ರ ಅಲ್ವಾ ಪೊರೆ ಬಿಡೋದು?”

ಅವನು ಪಕ್ಕದ ಎಲೆಯನ್ನು ಮೆಲ್ಲಗೆ ಎತ್ತಿದ. ಅಡಿಯಲ್ಲಿ ಮಸುಕು ಬಣ್ಣದ, ಎಳೆ ಮೈಯ ಎಂಟುಕಾಲಮ್ಮ! ಒಂದು ಕಾಲು ಅಲುಗಿತು.

“ಮತ್ತೆ... ಅತ್ತಿಗೆ ಹೊಡೆಸಿದ ಔಷಧಿ?”

“ಈ ಮೂಲೆಗೆ ಬರೋವಾಗ ಕ್ಯಾನಲ್ಲಿದ್ದದ್ದು ಬರೀ ನೀರು. ಅದೂ ಗಿಡದ ಬುಡಕ್ಕೆ. ಆಫೀಸಲ್ಲಿ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

ಟೀಚರ್ ಕಣ್ಣು ತುಂಬಿ ಬಂತು. “ಒಂದು ಜೇಡಕ್ಕೋಸ್ಕರ ಇಷ್ಟೆಲ್ಲಾನಾ?”

“ಜೇಡಕ್ಕೋಸ್ಕರ ಅಂತ ನಾನೆಲ್ಲಿ ಹೇಳ್ದೆ?” ಅವನು ತಲೆ ತಗ್ಗಿಸಿದ. “ಈ ಮನೇಲಿ ಇರುವೆ ಹೋಗಿ ತಿಂಗಳಾಯ್ತು, ಟೀಚರ್. ನಿಮ್ಮನ್ನ ನೋಡೋಕೆ ಬರ್ತಿದ್ದೆ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. “ಸುಮ್‌ಸುಮ್ನೆ ಬೈದ್ಬಿಟ್ಟೆ... ತಪ್ಪಾಯ್ತು.”

“ಹಾಗಾದ್ರೆ ಮುಂದಿನ ಶನಿವಾರ ಬರ್ಲಾ?”

“ಅಷ್ಟು ದಿನ ಯಾರು ಕಾಯ್ತಾರೆ? ನಾಳೇನೇ ಬನ್ನಿ... ಆ ಕ್ಯಾನು ಬಿಟ್ಟು ಬನ್ನಿ!”