ಲಾಗ್‌ನಲ್ಲಿ ಇಲ್ಲದ ಹೆಸರು

ಅರಗಿನ ಮುದ್ರೆ ಒಡೆದಿತ್ತು.

ಸೋಮವಾರದ ಗಣಿತ ಪ್ರಶ್ನೆಪತ್ರಿಕೆಯ ಪ್ಯಾಕೆಟ್ಟು. ಯಾರೋ ಬಿಚ್ಚಿ, ಒಂದು ಪ್ರತಿ ತೆಗೆದು, ಮತ್ತೆ ಮಡಚಿಟ್ಟಿದ್ದರು. ಗುರುವಾರ ಮಧ್ಯಾಹ್ನ ಮೂರಕ್ಕೆ ಅದನ್ನು ಮೊದಲು ಕಂಡವರು ಪರೀಕ್ಷಾ ವಿಭಾಗದ ವನಜಾಕ್ಷಿಯವರು. ಕೂಗಿ ಜನ ಸೇರಿಸಿದವರೂ ಅವರೇ. ನಾಲ್ಕು ಗಂಟೆಯೊಳಗೆ ಕಳ್ಳಿ ಅನ್ನಿಸಿಕೊಂಡವರೂ ಅವರೇ.

ಕಾರಣ, ನಾನು ಕೂರಿಸಿದ ಯಂತ್ರ.

ಅದು 2004. ನಾಗಪುರದ ಕಾಮಠಿ ರಸ್ತೆಯ ಆ ಖಾಸಗಿ ಕಾಲೇಜಿನವರು ಪ್ರಶ್ನೆಪತ್ರಿಕೆ ಇಡುವ ಕೋಣೆಗೆ ಬೆರಳಗುರುತಿನ ಬೀಗ ಹಾಕಿಸಿದ್ದರು. ಹೆಬ್ಬೆಟ್ಟು ಒತ್ತಿದರೆ ಬಾಗಿಲು ತೆರೆಯುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿ ಹೆಸರೂ ಹೊತ್ತೂ ದಾಖಲಾಗುತ್ತವೆ. ಆ ದಾಖಲೆಯನ್ನು ಲಾಗ್ ಎನ್ನುತ್ತಿದ್ದೆವು. ಬಾಗಿಲು ತೆರೆಯಬಲ್ಲವರ ಪಟ್ಟಿಯಲ್ಲಿ ಇದ್ದುದು ಎರಡೇ ಹೆಸರು: ಮೊದಲು ವನಜಾಕ್ಷಿ, ಆಮೇಲೆ ಪರೀಕ್ಷಾಧಿಕಾರಿ ಕೃಷ್ಣಪ್ರಸಾದ್. ಗುರುವಾರ ಬೆಳಿಗ್ಗೆ ಮುದ್ರೆ ಸರಿಯಾಗಿಯೇ ಇತ್ತು; ಆಮೇಲೆ ಮೂರರೊಳಗೆ ಬಾಗಿಲು ತೆರೆದದ್ದು ಒಮ್ಮೆ, ಒಂದು ನಲವತ್ತಕ್ಕೆ. ಹೆಸರು, ವನಜಾಕ್ಷಿ.

ಅವರ ಮಗಳು ಸ್ವಪ್ನಾ ಅದೇ ಪರೀಕ್ಷೆ ಬರೆಯಬೇಕಾಗಿತ್ತು. ಇನ್ನೇನು ಬೇಕು?

ಅಂದು ಸಂಜೆ ವನಜಾಕ್ಷಿಯವರ ಗಂಡ, ರೈಲ್ವೆಯ ರುದ್ರಪ್ಪ, ಮನೀಶ್ ನಗರದ ನಮ್ಮ ಮನೆಗೆ ಬಂದರು. ನಾನು ಸೋದರಮಾವ ನರಹರಿಯವರ ಜೊತೆ ಇದ್ದೆ. ಮಾವ ಬ್ಯಾಂಕಿನಲ್ಲಿ ಮೂವತ್ತು ವರ್ಷ ತಪಾಸಣಾಧಿಕಾರಿ. ನಿವೃತ್ತಿಯಾದರೂ ಕಣ್ಣಿಗೆ ನಿವೃತ್ತಿ ಇಲ್ಲ.

"ಸಾಹೇಬ್ರ, ಹೊಸಾ ಪೇಪರ್ ತಗದು ಸೋಮವಾರನ ಪರೀಕ್ಷಾ ಮಾಡ್ತಾರಂತ," ಎಂದರು ರುದ್ರಪ್ಪ. "ಖರೇ ನಮ್ಮ ಹುಡುಗಿ ಕೂಡೂಹಂಗಿಲ್ಲಂತ. ವಿಚಾರಣೆ ಮುಗೀಬೇಕಂತ. ಸೋಮವಾರ ಹತ್ತರ ಒಳಗ ಮುಗೀಲಿಲ್ಲ ಅಂದ್ರ ಒಂದು ವರ್ಷ ಹೋತ್ರಿ."

ಪೊಲೀಸರು ಬರುವುದು ಪ್ರಿನ್ಸಿಪಾಲರಿಗೂ ಬೇಡವಾಗಿತ್ತು. ಶುಕ್ರವಾರ ಮಾವನನ್ನು ಒಳಗೆ ಬಿಟ್ಟರು. ಬಾಲದಂತೆ ನಾನೂ ಹೋದೆ.

"ಒಂದು ನಲವತ್ತಕ್ಕೆ ಎಲ್ಲಿದ್ರಮ್ಮ?" ಮಾವ ಕೇಳಿದರು.

"ಹಿತ್ತಲ ಬೆಂಚಿನ ಮ್ಯಾಲ ರೀ. ಊಟದ ಡಬ್ಬಿ ಬಿಚ್ಚಿದ್ದೆ."

"ಯಾರಾದ್ರೂ ನೋಡಿದ್ರಾ?"

"ಯಾರೂ ಇದ್ದಿಲ್ಲ."

"ಮತ್ತೆ ಹೆಬ್ಬೆಟ್ಟು?"

ಅವರು ಬಲಗೈ ಚಾಚಿದರು. ಇಪ್ಪತ್ತು ವರ್ಷ ಪ್ಯಾಕೆಟ್ಟುಗಳಿಗೆ ಅರಗು ಹಾಕಿದ ಕೈ. ಹಿತ್ತಾಳೆಯ ಮುದ್ರೆ ಒತ್ತುವ ಮೊದಲು ಬಿಸಿ ಅರಗನ್ನು ಒದ್ದೆ ಹೆಬ್ಬೆಟ್ಟಿನಿಂದ ತಟ್ಟಿ ಸಮ ಮಾಡುವುದು ಅವರ ರೂಢಿ. ಹೆಬ್ಬೆಟ್ಟು ಸುಟ್ಟು ಸುಟ್ಟು ನುಣ್ಣಗಾಗಿತ್ತು. "ಇದನ್ನ ಮಶೀನ್ ಮೊದಲ ಗುರುತನ ಹಿಡೀತಿದ್ದಿಲ್ಲ ರೀ. ಆರಾರು ಸಲ ಒತ್ತಬೇಕಿತ್ತು. ಈಗ ಬರೋಬರ್ ಆಗೇತಿ. ನಾ ಹೋಗಿಲ್ಲ ಅಂದ್ರ ಯಾರು ನಂಬ್ತಾರ?" ಎನ್ನುತ್ತಾ ಅತ್ತರು.

ಕೃಷ್ಣಪ್ರಸಾದರು ಮೆತ್ತನೆಯ ಮಾತಿನವರು. "ಪಾಪ, ಹೆತ್ತ ಕರುಳು. ನಾನೇ ಪ್ರಿನ್ಸಿಪಾಲರಿಗೆ ಹೇಳ್ದೆ, ಜನರನ್ನ ಕೇಳಿ ಏನು ಪ್ರಯೋಜನ, ಲಾಗ್ ನೋಡಿ ಅಂತ. ಯಂತ್ರ ಸುಳ್ಳು ಹೇಳಲ್ವಲ್ಲ?"

ಬಾಗಿಲ ಬಳಿ ಕೂರುವ ದತ್ತುವನ್ನೂ ಮಾವ ಕೇಳಿದರು. ಒಳಗೆ ಹೋಗುವವರೆಲ್ಲ ಅವನ ಪುಸ್ತಕದಲ್ಲಿ ಸಹಿ ಹಾಕಬೇಕು. ಒಂದೂವರೆಯಿಂದ ಎರಡರವರೆಗೆ ಅವನು ಊಟಕ್ಕೆ ಹೋಗಿದ್ದ. ಆ ಹೊತ್ತಿನ ಸಹಿ ಯಾವುದೂ ಇರಲಿಲ್ಲ. ಮಾವ ಪುಸ್ತಕ ಇಸಿದುಕೊಂಡರು.

ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು. "ಶ್ರೀಶ, ಯಂತ್ರದಲ್ಲಿ ಏನಾದ್ರೂ ಬದಲಾಯಿಸಿದ್ಯೇನೋ?"

"ಇಲ್ಲ ಮಾವ."

"ಇಡೀ ತಿಂಗಳ ಲಾಗ್ ಬೇಕಲ್ಲ?"

"ನಾಳೆ ಊರಾಚೆ ವಾಡಿಯಲ್ಲಿ ಒಂದು ಗೋದಾಮಿಗೆ ಯಂತ್ರ ಕೂರಿಸ್ಬೇಕು. ಸೋಮವಾರ ತರ್ತೀನಿ."

ಲಾಗ್ ತೆಗೆಯುವುದು ಹತ್ತು ನಿಮಿಷದ ಕೆಲಸ. ನಾಲಿಗೆ ಅಷ್ಟು ಸಲೀಸಾಗಿ ಹೊರಳಿತಲ್ಲ ಎಂದು ಇಂದಿಗೂ ನಾಚಿಕೆಯಾಗುತ್ತದೆ.

ಸೋಮವಾರ ಹತ್ತಕ್ಕೆ ಪರೀಕ್ಷೆಯ ಗಂಟೆ ಬಾರಿಸಿತು. ನಾನು ಲಾಗ್ ತಂದದ್ದು ಹನ್ನೊಂದಕ್ಕೆ.

ಮಾವ ಅದನ್ನು ದತ್ತುವಿನ ಪುಸ್ತಕದ ಪಕ್ಕದಲ್ಲಿಟ್ಟು, ಸಾಲು ಸಾಲಿಗೂ ಬೆರಳಿಟ್ಟು ಓದಿದರು. ಆಮೇಲೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಯಂತ್ರದ ಫೈಲುಗಳ ಪಟ್ಟಿ ತೆಗೆಸಿದರು. ಒಂದು ಫೈಲಿನ ತಾರೀಖಿನ ಮೇಲೆ ಅವರ ಕಣ್ಣು ನಿಂತಿತು.

ಹನ್ನೆರಡಕ್ಕೆ ಎಲ್ಲರೂ ಆ ಬಾಗಿಲ ಮುಂದೆ ಸೇರಿದೆವು.

"ದತ್ತು, ಅಂಗಠಾ ಲಗಾವ್," ಎಂದರು ಮಾವ.

"ಮೇರಾ ನಾಮ್ ನಹೀ ಹೈ ಸಾಬ್, ಇಸ್ಮೆ." ಯಂತ್ರದಲ್ಲಿ ತನ್ನ ಹೆಸರೇ ಇಲ್ಲ ಎಂದು ಅವನು ಹಿಂಜರಿದ.

"ಲಗಾವ್ ತೋ."

ದತ್ತು ಹೆಬ್ಬೆಟ್ಟು ಒತ್ತಿದ. ಬಾಗಿಲು ತೆರೆಯಿತು. ಪರದೆಯ ಮೇಲೆ ಬಂದ ಹೆಸರು — ವನಜಾಕ್ಷಿ.

ಪ್ರಿನ್ಸಿಪಾಲರು ಒತ್ತಿದರು. ವನಜಾಕ್ಷಿ. ಮಾವ ಒತ್ತಿದರು. ವನಜಾಕ್ಷಿ.

ಕೃಷ್ಣಪ್ರಸಾದರು ಕನ್ನಡಕ ತೆಗೆದು ಒರೆಸತೊಡಗಿದರು.

"ಲಾಗ್‌ನಲ್ಲಿ ಯಾರ ಹೆಸರಿದೆ ಅಂತ ನಾವೆಲ್ಲ ನೋಡಿದ್ವಿ," ಎಂದರು ಮಾವ. "ಯಾರ ಹೆಸರಿಲ್ಲ ಅಂತ ನೋಡ್ಲಿಲ್ಲ. ಹನ್ನೆರಡನೇ ತಾರೀಖಿನವರೆಗೆ ಇಬ್ಬರ ಹೆಸರೂ ಇದೆ. ಆಮೇಲೆ ಕೃಷ್ಣಪ್ರಸಾದ್ ಅನ್ನೋ ಹೆಸರು ಒಂದು ಸಲವೂ ಇಲ್ಲ. ಆದ್ರೆ ದತ್ತು ಪುಸ್ತಕದಲ್ಲಿ ನಿಮ್ಮ ಸಹಿ ಆರು ಸಲ ಇದೆ. ಆ ಆರು ಹೊತ್ತಿಗೂ ಯಂತ್ರ ಬರೆದದ್ದು ವನಜಾಕ್ಷಿಯವರ ಹೆಸರು. ನೀವು ಬೆರಳೊತ್ತಿ ಪರದೆ ನೋಡಿದ್ರಿ. ಇವರ ಹೆಸರು ಬಂತು. ಯಾರಿಗೂ ಹೇಳ್ಲಿಲ್ಲ. ಆರು ಸಲವೂ ಹೇಳ್ಲಿಲ್ಲ. ಏಳನೇ ಸಲ, ದತ್ತು ಊಟಕ್ಕೆ ಹೋದಾಗ, ಸಹಿ ಹಾಕದೆ ಒಳಗೆ ಹೋದ್ರಿ. ಆಮೇಲೆ ಲಾಗ್ ನೋಡಿ ಅಂದವರೂ ನೀವೇ. ಅದು ಯಾರ ಹೆಸರು ಹೇಳುತ್ತೆ ಅಂತ ಗೊತ್ತಿದ್ದವರು ನೀವೊಬ್ಬರೇ ಅಲ್ವಾ?"

ಕೃಷ್ಣಪ್ರಸಾದರು ಗೋಡೆ ನೋಡುತ್ತಾ ಹೇಳಿದರು, "ತಂಗಿ ಮಗ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದಾನೆ."

"ಆದರೆ ಹನ್ನೆರಡನೇ ತಾರೀಖು ಏನಾಯ್ತು?" ಪ್ರಿನ್ಸಿಪಾಲರು ಕೇಳಿದರು.

ಮಾವ ನನ್ನ ಕಡೆ ನೋಡಿದರು. "ಎಲ್ಲಾ ಫೈಲಿಗೂ ಈ ವರ್ಷದ ತಾರೀಖು. ಒಂದಕ್ಕೆ ಮಾತ್ರ 1999. ನೀನೇ ಹೇಳು ಶ್ರೀಶ."

ಹೇಳಿದೆ. ವನಜಾಕ್ಷಿಯವರ ಬೆರಳು ಹಿಡಿಯುತ್ತಿಲ್ಲವೆಂದು ದಿನವೂ ಫೋನು. ನಮ್ಮ ಕಸುಬಿನವರ ಕಿಸೆಯಲ್ಲಿ ಯಾವಾಗಲೂ ಒಂದು ಫ್ಲಾಪಿ ಇರುತ್ತಿತ್ತು; ಅದರಲ್ಲಿ ಹಳೇ ಯಂತ್ರವೊಂದರ ಲೈಬ್ರರಿ ಫೈಲು, ಒತ್ತಿದ ಬೆರಳನ್ನು ಉಳಿಸಿಟ್ಟ ಗುರುತಿನೊಂದಿಗೆ ಹೋಲಿಸುವ ಫೈಲು. ಹೊಸದು ಕಟ್ಟುನಿಟ್ಟು; ಹಳೆಯದು ಉದಾರಿ, ಅರೆಬರೆ ಹೋಲಿದರೂ ಒಪ್ಪಿಬಿಡುತ್ತಿತ್ತು. ಗಿರಾಕಿ ಕಾಟ ಕೊಟ್ಟರೆ ಹೊಸದರ ಮೇಲೆ ಹಳೆಯದನ್ನು ಹಾಕಿ ಕೈತೊಳೆದುಕೊಳ್ಳುತ್ತಿದ್ದೆವು. ಹನ್ನೆರಡನೇ ತಾರೀಖು ನಾನು ಇಲ್ಲಿ ಮಾಡಿದ್ದೂ ಅದನ್ನೇ. ವನಜಾಕ್ಷಿಯವರ ಗುರುತಿನಲ್ಲಿ ಗೆರೆಗಳೇ ನೆಟ್ಟಗಿರಲಿಲ್ಲ. ಅಷ್ಟು ಮಸುಕಾದ ಗುರುತು, ಅಷ್ಟು ಉದಾರಿ ಫೈಲು. ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಯಾರೇ ಒತ್ತಿದರೂ ಯಂತ್ರ ಅವರಲ್ಲಿಗೇ ನಿಂತುಬಿಡುತ್ತಿತ್ತು.

"ನಿನಗೆ ಯಾವಾಗ ಹೊಳೀತು?" ಮಾವ ಕೇಳಿದರು.

"ಶುಕ್ರವಾರ. ಅವರು ಕೈ ಚಾಚಿದಾಗ."

ಕೆಲಸ ಹೋಗುತ್ತದೆ ಎಂಬ ಭಯವಿತ್ತು.

ವನಜಾಕ್ಷಿಯವರು ಬೈಯಲಿಲ್ಲ. "ನಂದು ಇರ್ಲಿ ಬಿಡಪಾ. ಹೆಸರು ಹೋಗಿತ್ತು, ಬಂತು," ಎಂದರು. "ನಾ ಅಳೂಮುಂದ ನೀ ಅಲ್ಲೇ ನಿಂತಿದ್ದೆಲ್ಲಾ? ಆವಾಗ ಒಂದು ಮಾತು ಹೇಳಿದ್ರ ಇವತ್ತು ಅಕಿ ಒಳಗ ಕೂತಿರ್ತಿದ್ದಳು."

ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಒಂದಕ್ಕೆ ಐದು ನಿಮಿಷವಿತ್ತು. ಈಗ ಕೂರಿಸಲು ನಿಯಮವಿಲ್ಲ ಎಂದರು. ನಿಜವಾಗಿಯೂ ನೊಂದುಕೊಂಡೇ ಎಂದರು.

ಗಂಟೆ ಬಾರಿಸಿತು. ಹುಡುಗರು ಗುಂಪುಗುಂಪಾಗಿ ಇಳಿದು ಬಂದರು. ಸ್ವಪ್ನಾ ಗೇಟಿನ ಕಟ್ಟೆಯ ಮೇಲೆ ಕೂತಿದ್ದಳು. ಯಾರಾದರೂ ಕೊನೆಗಳಿಗೆಯಲ್ಲಿ ಕರೆದಾರೆಂದು ಬೆಳಿಗ್ಗೆ ಒಂಬತ್ತರಿಂದ ಹಾಲ್‌ಟಿಕೆಟ್ ಹಿಡಿದು ಅಲ್ಲೇ ಇದ್ದಳಂತೆ. ನಾನು ಕ್ಷಮೆ ಕೇಳೋಣವೆಂದು ಹತ್ತಿರ ಹೋದೆ. ಅವಳು ನನ್ನನ್ನು ನೋಡಲಿಲ್ಲ. ಇಳಿದು ಬರುತ್ತಿದ್ದ ಗೆಳತಿಯನ್ನು ತಡೆದು, ಪೇಪರ್ ಹೇಗಿತ್ತೆಂದು ಮರಾಠಿಯಲ್ಲಿ ಕೇಳಿದಳು.

ಬಹಳ ಸುಲಭವಿತ್ತು ಎಂದಳು ಗೆಳತಿ.