ಹಾಲಿಲ್ಲದ ಶುಂಠಿ ಚಹಾ

"ಮೇಡಂ, ಇವತ್ತು ಶುಂಠಿ ಒಸಿ ಕಮ್ಮಿ ಆಗೈತೆ."

ನಿಯಾಜ್ ಹಾಲಿಲ್ಲದ ಚಹಾದ ಲೋಟದ ಮೇಲಿಂದ ನೋಡಿದ. ಬಾಗಿಲ ಪರದೆ ಹಿಡಿದು ನಿಂತ ಮುನವ್ವರಾ ನಗಲಿಲ್ಲ. ಗಂಡ ಶುಕೂರ್ ತೀರಿಕೊಂಡ ಮೇಲೆ, ಈ ಎರಡು ವರ್ಷದಲ್ಲಿ, ಅವಳು ನಕ್ಕದ್ದನ್ನು ರಾಮನಗರದ ಆ ಗಲ್ಲಿ ಕಂಡಿರಲಿಲ್ಲ; ಅತ್ತದ್ದನ್ನೂ.

"ಕಮ್ಮಿ ಆಗಿಲ್ಲ. ನಿಮ್ಮ ನಾಲಿಗೆಗೆ ರೂಢಿಯಾಗಿದೆ."

"ನಾಲಿಗೆಗೆ ಮಾತ್ರಾನಾ?"

ಅವಳು ಪರದೆಯ ಅಂಚು ನೇವರಿಸಿದಳು. ಅವನು ಕೆಮ್ಮಿದ.

ಎದುರು ಮನೆಯ ನಿಯಾಜ್ ರೇಷ್ಮೆ ನೂಲು ಬಿಚ್ಚುವವನು. ಗೂಡು ಬೇಯುವ ಹಬೆಯಲ್ಲೇ ಬೆಳೆದ ಅವನಿಗೆ ಉಬ್ಬಸ ಹತ್ತಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮುನವ್ವರಾ ಒಮ್ಮೆ ವಿವರಿಸಿದ್ದಳು: ಶುಂಠಿಯಲ್ಲಿ ಜಿಂಜರಾಲ್ ಇದೆ, ಊತ ತಗ್ಗಿಸುತ್ತದೆ, ಚಹಾದಲ್ಲಿ ಕ್ಯಾಟೆಚಿನ್ ಇದೆ, ಜೀವಕೋಶಗಳನ್ನು ಕಾಯುತ್ತದೆ. ಅವಳು ಅವನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಂದಿನಿಂದ ಅವನು ಅವಳ ಬಾಗಿಲಲ್ಲಿ ಬೆಳಗಿನ ಚಹಾ ತಪ್ಪಿಸಿರಲಿಲ್ಲ.

ಗುರುವಾರ ಅವನು ಬರಲಿಲ್ಲ. ಅವನ ತಾಯಿ ಹಾಜಿರಾ ಬರಿಗಾಲಲ್ಲಿ ಓಡಿ ಬಂದಳು.

"ಉಸಿರೇ ಸಿಕ್ತಿಲ್ಲ ಬೇಟಿ! ಡಾಕ್ಟ್ರು ಕೊಟ್ಟ ಉಬ್ಬಸದ ಪಂಪು ಮೂರು ತಿಂಗ್ಳಿಂದ ಮುಟ್ಟೇ ಇಲ್ಲ. ಮೇಡಂ ಚಾ ಸಾಕು ಅಂದ್ಬುಟ್ಟ!"

ನನ್ನ ಮಾತೇ ಅವನಿಗೆ ಔಷಧಿ ಬಿಡಿಸಿತು. ಮುನವ್ವರಾ ಆಟೋ ಕರೆಯಲು ಓಡಿದಳು.

ಆಟೋದಲ್ಲಿ ಅವನ ತುಟಿ ನೀಲಿಗಟ್ಟುತ್ತಿತ್ತು. ಉಸಿರಿಗೊಂದು ಶಿಳ್ಳೆ. ಒಂದು ಶಿಳ್ಳೆ ಮುಗಿದು ಇನ್ನೊಂದು ಕೇಳುವವರೆಗೆ ಅವಳೂ ಉಸಿರು ಬಿಗಿಹಿಡಿದಳು. ಯಾವುದಕ್ಕೂ ಬೆಚ್ಚದೆ ಎರಡು ವರ್ಷ ಕಳೆದವಳಿಗೆ ಈಗ ಹಲ್ಲು ಕಡಕಡ ಎನ್ನುತ್ತಿತ್ತು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿದರು, ಸೂಜಿ ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಅವನ ಮುಖಕ್ಕೆ ಬಣ್ಣ ಬಂತು.

"ಯಾಕೆ ಹೀಗೆ ಮಾಡಿದ್ರಿ?"

ನಿಯಾಜ್ ಮಾಸ್ಕ್ ಎತ್ತಿದ. "ಪಂಪಲ್ಲಿ ವಾಸಿಯಾಗ್ಬುಟ್ಟಿದ್ರೆ... ನೀವು ದಿನಾ ಬಾಗ್ಲು ತೆಗೀತಿದ್ರಾ?"

"ಹುಚ್ಚು ಕಣ್ರೀ ನಿಮಗೆ! ನಾನು ಓದಿದ್ದು ಟೆಸ್ಟ್ ಟ್ಯೂಬಿನ ವಿಷಯ. ನಿಮ್ಮ ಎದೆ ಟೆಸ್ಟ್ ಟ್ಯೂಬಾ? ಚಹಾ ಔಷಧಿ ಜೊತೆಗೆ, ಔಷಧಿ ಬದಲಿಗಲ್ಲ."

"ಅಳ್ತಾ ಇದ್ದೀರಿ."

"ಹೆದರಿಕೆ."

"ಈಗ ಹುಷಾರಾಗಿದ್ದೀನಲ್ಲ?"

"ಈಗಲೇ ಜಾಸ್ತಿ."

ಹಾಜಿರಾ ಮಂಚದ ಪಕ್ಕದಲ್ಲೇ ಇದ್ದಳು. ಆದರೂ ಮುನವ್ವರಾ ಅವನ ಕೈ ಹಿಡಿದಳು.

"ಇನ್ನೊಂದು ಸಲ ಗಂಡ ಸತ್ತವಳಾಗಿ ಮನೆಯೊಳಗೆ ಇದ್ದತ್ತಿನ ಶೋಕಕ್ಕೆ ಕೂರೋಕೆ ನನ್ನಿಂದಾಗಲ್ಲ ನಿಯಾಜ್. ಅದನ್ನ ಯೋಚನೆ ಮಾಡಿ, ಆಮೇಲೆ ನಮ್ಮನೇಗೆ ಹೆಣ್ಣು ಕೇಳೋಕೆ ಬನ್ನಿ."

ಅವನು ತಾಯಿಯತ್ತ ಹೊರಳಿದ. "ಅಮ್ಮೀ, ಕೇಳಿಸ್ಕೊಂಡ್ಯಾ?"

"ಮಾತಾಡ್ಬೇಡಿ." ಮುನವ್ವರಾ ಮಾಸ್ಕನ್ನು ಅವನ ಮೂಗಿನ ಮೇಲೆ ಒತ್ತಿದಳು. "ಉಸಿರಾಡಿ."